ಮೀಟರ್ ಲೆಕ್ಕ

ಮಂಡಿ ಮೊಹಲ್ಲಾದ ಸಂದಿಯಲ್ಲಿ ಬೆಳಿಗ್ಗೆ ಎಂಟೂವರೆಗೆ
ತಸ್ನೀಮ್ ಮೇಡಂ ಕೈ ಅಡ್ಡ ಹಿಡಿದರು.
ಕೊರಳಲ್ಲಿ ಟೇಪು, ಡಾಕ್ಟರ ಸ್ಟೆತಸ್ಕೋಪಿನ ಹಾಗೆ.
ಜೊತೆಗೊಬ್ಬಳು ಹುಡುಗಿ, ಗಂಗೋತ್ರಿಯಲ್ಲಿ ಓದುವವಳು,
ತಲೆಗೆ ಸುತ್ತಿದ ಬಟ್ಟೆಯ ತುಂಬ ನೀಲಿ ಮೀನು, ಹಳದಿ ಮೀನು.
ಆಟೋದ ಟಾಪಿಗೆ ಮೀನು ತಾಗದಂತೆ ಬಗ್ಗಿ ಕೂತಳು.

'ಇವಳಿಗೆ ಊರು ತೋರಿಸಬೇಕು.'
'ಅರಮನೆಗಾ, ಜೂಗಾ?'
'ಎರಡೂ ಬೇಡ. ನಾನು ಹೇಳಿದ ಕಡೆ ತಿರುಗಿಸಿ.'

ಮೀಟರ್ ಹಾಕಿದೆ.

ಅಬೆನಾ ಅಂತೆ ಹೆಸರು. ಊರು ಟಾಕೊರಾಡಿ,
ಆಫ್ರಿಕಾದ ಆ ಕಡೆ ದಡ, ಹಡಗು ನಿಲ್ಲುವ ಜಾಗ.
ಮಂಗಳವಾರ ಹುಟ್ಟಿದವಳಿಗೆ ಅಲ್ಲಿ ಈ ಹೆಸರು.
ನನ್ನ ತಂಗಿಯೂ ಮಂಗಳವಾರವೇ, ಮಂಗಳಿ ಅಂತ ಕೂಗ್ತೀವಿ
ಅಂದೆ ಕನ್ನಡಿಯಲ್ಲಿ. ನಕ್ಕಳು. ಅರ್ಥವಾಯಿತೋ ಏನೋ.

ಇಪ್ಪತ್ತಾರು ವರ್ಷದಲ್ಲಿ ಈ ರಸ್ತೆಗಳಲ್ಲಿ ನಾನು ಕಂಡದ್ದು
ಗುಂಡಿ, ಹಂಪು, ಚಿಲ್ಲರೆ ಇಲ್ಲದ ಗಿರಾಕಿ.
ಮೇಡಂ ಬೇರೆಯೇ ಓದುತ್ತಿದ್ದರು:
ಇರ್ವಿನ್ ರಸ್ತೆ, ಅಗಲ ಮಾಡಲು ಅಂಚು ಬಿಚ್ಚಿದ ಲಂಗ,
ಲ್ಯಾನ್ಸ್‌ಡೌನ್ ಕಟ್ಟಡ, ತಾತನ ಕೋಟು,
ತೊಡುವಂತಿಲ್ಲ, ಯಾರಿಗಾದರೂ ಕೊಡೋಣವೆಂದರೆ ಮನಸ್ಸಿಲ್ಲ.

ಮಾರ್ಕೆಟ್ಟಿನ ಬಾಗಿಲಲ್ಲಿ ಹೂವಿನವಳ ಮೊಳಕ್ಕೆ
ಟೇಪು ಹಿಡಿದು ನೋಡಿದರು. ಎರಡಿಂಚು ಕಮ್ಮಿ.
'ನಿನ್ನ ಟೇಪು ಕೊಸರು ಹಾಕುತ್ತಾ?' ಅಂತ ಕೇಳಿ
ಅವಳು ಇನ್ನೊಂದು ಗೇಣು ಮಲ್ಲಿಗೆ ಕಿತ್ತುಕೊಟ್ಟಳು.
ಅಬೆನಾ ಅದನ್ನು ಮೀನುಗಳ ನಡುವೆ ಸಿಕ್ಕಿಸಿಕೊಂಡಳು.

ರೇಷ್ಮೆ ಫ್ಯಾಕ್ಟರಿಯ ಹತ್ತಿರ ಇಪ್ಪತ್ತು ನಿಮಿಷ ವೆಯಿಟಿಂಗು.
ಹೊರಗೆ ಬಂದಾಗ ಇಬ್ಬರಿಗೂ ವಾದ.
ಇಲ್ಲಿ ಸೀರೆಗೊಂದು ನಂಬರು ಇರುತ್ತದಲ್ಲ,
ಅವರಲ್ಲಿ ಬಟ್ಟೆಗೆ ಗಾದೆಯನ್ನೇ ಹೆಸರಿಡುತ್ತಾರಂತೆ.
'ಹಾಗಾದರೆ ಈ ತಲೆ ಮೇಲಿನದು?'
ಮೇಡಂ ಕನ್ನಡ ಮಾಡಿ ಹೇಳಿದರು:
ನೆಂಟರು ಬಂದ ದಿನ ಮೀನಿಗೆ ಮುಳ್ಳು ಜಾಸ್ತಿ.
ನಮ್ಮತ್ತೆಗೆ ಇದೇ ಬಟ್ಟೆ ಆರು ಗಜ ಬೇಕಿತ್ತು ಅಂದೆ.
ಗಾಡಿ ಅಲ್ಲಾಡುವಷ್ಟು ನಕ್ಕರು.

ಆಮೇಲೆ ಮೇಡಂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಒಂದು ಮುಚ್ಚಿದ ಮಳಿಗೆ ಮುಂದೆ ನಿಲ್ಲಿಸಿ ಅಂದರು.
ಇಳಿಯಲೂ ಇಲ್ಲ.
'ನಮ್ಮಪ್ಪ ಇಲ್ಲಿ ಮದುವೆ ಬ್ಯಾಂಡಿನವರಿಗೆ ಕೋಟು ಹೊಲೀತಿದ್ರು.
ಡ್ರಮ್ಮಿನವನ ತೋಳು ಸಡಿಲ,
ಕ್ಲಾರಿನೆಟ್ಟು ಊದುವವನ ಎದೆಗೆ ಒಂದಿಂಚು ಹೆಚ್ಚು.
ದುಡ್ಡು ಕೊಡೋನಿಗೆ ಕಾಣಲ್ಲ ಅದು. ಉಸಿರಿಗೆ ಬಿಟ್ಟದ್ದು.'
ಶಟರಿನ ಮೇಲೆ ಯಾವುದೋ ಕೋಚಿಂಗ್ ಸೆಂಟರಿನ ಪೋಸ್ಟರು.

ಕುಕ್ಕರಹಳ್ಳಿ ಕೆರೆ ಬಂತು.
'ನಿಮ್ಮೂರಿಗೆ ಸಮುದ್ರ ಯಾವ ದಿಕ್ಕಿಗೆ?' ಕೇಳಿದಳು ಹುಡುಗಿ.
ಹುಟ್ಟಿ ಇಷ್ಟು ವರ್ಷ ಈ ಪ್ರಶ್ನೆ ನನಗೆ ಬಂದಿರಲಿಲ್ಲ.
ಯಾವ ದಿಕ್ಕಿಗೂ ಇಲ್ಲಮ್ಮ, ಇಷ್ಟೇ, ಅಂತ ಕೆರೆ ತೋರಿಸಿದೆ.
ಏರಿಯ ಮೇಲೆ ನಿಂತು ನೋಡಿದಳು.
ಇದಕ್ಕೆ ಸುತ್ತಲೂ ಅಂಚಿದೆ, ಅಂದಳು.
ನಮ್ಮದು ಮಗ್ಗದಿಂದ ಇನ್ನೂ ಇಳಿಸಿಲ್ಲ.

ಮೀಟರ್ ನಾನೂರ ಹನ್ನೆರಡು ತೋರಿಸುತ್ತಿತ್ತು.
ಹಣ ಎಣಿಸುತ್ತಾ ಮೇಡಂ ತಟ್ಟನೆ
ನನ್ನ ಖಾಕಿಯ ಎಡಗಂಕುಳು ಹಿಡಿದು ನೋಡಿದರು.
'ಇದೊಂದೇ ಕಡೆ ಯಾಕೆ ಹರಿದಿದೆ?'
ಸ್ಟಾರ್ಟ್ ಮಾಡೋ ಲಿವರ್ ಎಡಗಡೆ, ಎಳೆದೂ ಎಳೆದೂ, ಅಂದೆ.
'ಎಳೆಯೋ ಕೈಗೆ ಒಂದಿಂಚು ಬೇಕಲ್ವಾ.
ಎರಡು ಕೈಯೂ ಒಂದೇ ಅಂತ ಹೊಲಿದುಬಿಡ್ತಾರೆ.
ಗುರುವಾರ ಬನ್ನಿ.'

ಎರಡು ಗುರುವಾರ ಹೋಯಿತು, ಪುರುಸೊತ್ತಾಗಿಲ್ಲ.
ನಿನ್ನೆ ರಾತ್ರಿ ನನ್ನವಳು ಸೂಜಿ ಹುಡುಕಿದಳು,
ಕೊಡಿ, ಎರಡು ಟಾಕು ಹಾಕ್ತೀನಿ ಅಂತ.
ಬೇಡ ಕಣೇ ಅಂದೆ,
ಇದು ಹೊಲಿಗೆ ಬಿಟ್ಟದ್ದಲ್ಲ,
ಅಳತೆ ತಪ್ಪಿದ್ದು.